‘ತೂಕ ಇಳಿಸಿಕೊಂಡು ಬನ್ನಿ’ ಅಂದರೆ ಎಷ್ಟು, ಎಷ್ಟು ದಿನದಲ್ಲಿ?

ಮಕ್ಕಳಾಗಲಿಲ್ಲವೆಂದು ಆಸ್ಪತ್ರೆಗೆ ಹೋದ ಹೆಣ್ಣುಮಗಳನ್ನು ಮೊದಲು ನಿಲ್ಲಿಸುವುದು ತೂಕದ ಯಂತ್ರದ ಮೇಲೆ. ಅಂಕಿ ಕೊಂಚ ಮೇಲೇರಿದರೆ ಸಾಕು, ‘ತೂಕ ಇಳಿಸಿಕೊಂಡು ಬನ್ನಿ, ಆಮೇಲೆ ನೋಡೋಣ’ ಎಂಬ ಮಾತು ಬರುತ್ತದೆ. ಎಷ್ಟು ಕೆ.ಜಿ., ಎಷ್ಟು ತಿಂಗಳಲ್ಲಿ, ಇಳಿಸಿದರೆ ಏನು ಪ್ರಯೋಜನ ಎಂದು ಕೇಳಲು ಹೊರಗೆ ಟೋಕನ್ ಹಿಡಿದು ಕಾದವರ ಸಾಲು ಬಿಡುವುದಿಲ್ಲ. ತೂಕಕ್ಕೂ ಬಸಿರಿಗೂ ನಂಟಿರುವುದು ನಿಜ, ಆದರೆ ಎಲ್ಲರಲ್ಲೂ ಅದು ಒಂದೇ ಬಗೆಯಲ್ಲ. ಕೆಲವರಿಗೆ ನಾಲ್ಕೈದು ಕೆ.ಜಿ. ಇಳಿದರೆ ದೊಡ್ಡ ಚಿಕಿತ್ಸೆಯೇ ಬೇಡವಾಗಬಹುದು. ಇನ್ನು ಕೆಲವರಿಗೆ ತೂಕದ ಹಿಂದೆ ಬಿದ್ದು ಕಳೆದ ಒಂದು ವರ್ಷವೇ ದುಬಾರಿಯಾಗಬಹುದು. ನೀವು ಯಾರ ಸಾಲಿಗೆ ಸೇರುತ್ತೀರಿ ಎಂದು ಮೊದಲು ತಿಳಿದುಕೊಳ್ಳಿ.

ಹೆಜ್ಜೆ 1: ಸರಿಯಾಗಿ ಅಳೆಯಿರಿ

ಬೆಳಿಗ್ಗೆ ತಿಂಡಿಗೆ ಮುಂಚೆ, ತೆಳು ಬಟ್ಟೆಯಲ್ಲಿ ತೂಕ ನೋಡಿ. ಗೋಡೆಗೆ ಬೆನ್ನು ಕೊಟ್ಟು ನಿಂತು ಎತ್ತರ ಅಳೆಸಿ, ಅಂದಾಜು ಬೇಡ. ತೂಕವನ್ನು ಮೀಟರ್ ಲೆಕ್ಕದ ಎತ್ತರದಿಂದ ಎರಡು ಸಲ ಭಾಗಿಸಿದರೆ ಬಿಎಂಐ ಸಿಗುತ್ತದೆ. 155 ಸೆಂ.ಮೀ. ಎತ್ತರ, 62 ಕೆ.ಜಿ. ತೂಕದವರಿಗೆ ಇದು 25.8.

ಈ 25.8 ಜಾಸ್ತಿಯೇ? ವಿಶ್ವ ಆರೋಗ್ಯ ಸಂಸ್ಥೆಯ ಸಾಮಾನ್ಯ ಪಟ್ಟಿಯಲ್ಲಿ 25 ದಾಟಿದರೆ ಅಧಿಕ ತೂಕ, 30 ದಾಟಿದರೆ ಬೊಜ್ಜು. ಆದರೆ ನಮ್ಮವರಲ್ಲಿ ಹೊಟ್ಟೆಯ ಸುತ್ತ ಕೊಬ್ಬು ಬೇಗ ಸೇರುತ್ತದೆ, ಕಡಿಮೆ ತೂಕದಲ್ಲೇ ಸಕ್ಕರೆ ಕಾಯಿಲೆ ಬರುತ್ತದೆ. ಹಾಗಾಗಿ ನಮ್ಮ ದೇಶದ ತಜ್ಞರು 2009ರಲ್ಲಿ 23ಕ್ಕೇ ಅಧಿಕ ತೂಕ, 25ಕ್ಕೇ ಬೊಜ್ಜು ಎಂದು ಗೆರೆ ಎಳೆದರು. ಅದೇ ಹೆಂಗಸು ಒಂದು ಪಟ್ಟಿಯಲ್ಲಿ ಸ್ವಲ್ಪ ದಪ್ಪ, ಇನ್ನೊಂದರಲ್ಲಿ ಬೊಜ್ಜಿನವಳು. ಬ್ರಿಟನ್ನಿನ ನೈಸ್ ಸಂಸ್ಥೆಯ ಮಾರ್ಗಸೂಚಿಯಂತೆ ದೇಹದ ಹೊರಗೆ ಭ್ರೂಣ ಮಾಡುವ ಐವಿಎಫ್ ಚಿಕಿತ್ಸೆಗೆ 19ರಿಂದ 30ರೊಳಗಿನ ಬಿಎಂಐ ಒಳ್ಳೆಯದು. ಆ ಲೆಕ್ಕಕ್ಕೆ ಆಕೆ ಆರಾಮವಾಗಿ ಒಳಗಿದ್ದಾಳೆ. ‘ಯಾವ ಪಟ್ಟಿಯ ಪ್ರಕಾರ ಹೇಳುತ್ತಿದ್ದೀರಿ ಡಾಕ್ಟರ್?’ ಎಂದು ಕೇಳುವುದರಲ್ಲಿ ತಪ್ಪಿಲ್ಲ. ಜೊತೆಗೆ ಟೇಪಿನಿಂದ ಸೊಂಟವನ್ನೂ ಅಳೆದಿಡಿ. 80 ಸೆಂ.ಮೀ. ಮೀರಿದರೆ ಬಿಎಂಐ ಸರಿಯಿದ್ದರೂ ಗಮನ ಬೇಕು.

ಹೆಜ್ಜೆ 2: ಮುಟ್ಟಿನ ಲೆಕ್ಕ ಬರೆಯಿರಿ

ಯಂತ್ರ ಹೇಳದ್ದನ್ನು ಕ್ಯಾಲೆಂಡರ್ ಹೇಳುತ್ತದೆ. ಕಳೆದ ಆರು ತಿಂಗಳಲ್ಲಿ ಮುಟ್ಟಾದ ದಿನಾಂಕಗಳನ್ನು ಗುರುತು ಹಾಕಿ. 21ರಿಂದ 35 ದಿನಗಳ ಅಂತರದಲ್ಲಿ ಸರಿಯಾಗಿ ಆಗುತ್ತಿದ್ದರೆ ಅಂಡಾಣು ಬಿಡುಗಡೆಯಾಗುತ್ತಿರುವ ಸಂಭವ ಹೆಚ್ಚು. ಎರಡು ತಿಂಗಳಿಗೊಮ್ಮೆ, ಮೂರು ತಿಂಗಳಿಗೊಮ್ಮೆ ಆಗುತ್ತಿದ್ದರೆ ತೂಕದ ಪಾತ್ರವಿರಬಹುದು.

ಕೊಬ್ಬು ಹೆಚ್ಚಾದಾಗ ದೇಹ ಇನ್ಸುಲಿನ್ನಿಗೆ ಸರಿಯಾಗಿ ಸ್ಪಂದಿಸುವುದಿಲ್ಲ. ಆಗ ರಕ್ತದಲ್ಲಿ ಇನ್ಸುಲಿನ್ ಏರುತ್ತದೆ. ಅದರ ಒತ್ತಾಯಕ್ಕೆ ಅಂಡಾಶಯ ಗಂಡು ಹಾರ್ಮೋನನ್ನು ಹೆಚ್ಚು ಸ್ರವಿಸುತ್ತದೆ, ಅಂಡಾಣು ಪೂರ್ತಿ ಬಲಿಯದೆ ಅರ್ಧಕ್ಕೇ ನಿಲ್ಲುತ್ತದೆ. ಪಿಸಿಒಡಿ ಎಂದು ಎಲ್ಲರ ಬಾಯಲ್ಲಿರುವ ತೊಂದರೆಯಲ್ಲಿ ನಡೆಯುವುದು ಬಹುಮಟ್ಟಿಗೆ ಇದೇ. ಈ ಗುಂಪಿನವರಲ್ಲಿ ಹಲವರಿಗೆ ತೂಕದ ನೂರಕ್ಕೆ 5ರಿಂದ 10 ಭಾಗ ಇಳಿದರೂ ಮುಟ್ಟು ದಾರಿಗೆ ಬರುತ್ತದೆ. 70 ಕೆ.ಜಿ. ಇದ್ದವರು ಮೂರೂವರೆಯಿಂದ ಏಳು ಕೆ.ಜಿ. ಇಳಿಸಿದರೆ ಸಾಕು, ಮದುವೆ ಫೋಟೊದಲ್ಲಿ ಇದ್ದಷ್ಟು ಸಣ್ಣಗಾಗಬೇಕಿಲ್ಲ.

ಹೆಜ್ಜೆ 3: ಇಬ್ಬರ ಪರೀಕ್ಷೆಯೂ ಮುಗಿಯಲಿ

ತೂಕ ಇಳಿಯುವವರೆಗೆ ಪರೀಕ್ಷೆಗಳನ್ನು ಮುಂದೂಡಬೇಡಿ. ಗರ್ಭನಾಳ ಮುಚ್ಚಿದ್ದರೆ ಹತ್ತು ಕೆ.ಜಿ. ಇಳಿದರೂ ಅದು ತೆರೆಯದು. ಗಂಡನ ವೀರ್ಯಾಣು ಸಂಖ್ಯೆ ಕಡಿಮೆಯಿದ್ದರೆ ಹೆಂಡತಿ ಉಪವಾಸ ಮಾಡಿ ಏನು ಫಲ? ವೀರ್ಯ ಪರೀಕ್ಷೆ, ಸ್ಕ್ಯಾನಿಂಗ್, ಗರ್ಭನಾಳದ ಪರೀಕ್ಷೆ, ಥೈರಾಯ್ಡ್, ಸಕ್ಕರೆ ಇವು ಮೊದಲು ಆಗಲಿ. ಅಂಡಾಶಯದಲ್ಲಿ ಉಳಿದ ಅಂಡಾಣುಗಳ ಅಂದಾಜು ಕೊಡುವ ಎಎಂಎಚ್ ಪರೀಕ್ಷೆಯೂ ಮುಂದಿನ ಹೆಜ್ಜೆಗೆ ಬೇಕಾಗುತ್ತದೆ. ಗಂಡನ ಬೊಜ್ಜೂ ವೀರ್ಯಾಣುಗಳನ್ನು ಬಾಧಿಸುತ್ತದೆ, ಅವರನ್ನೂ ಯಂತ್ರದ ಮೇಲೆ ಹತ್ತಿಸಿ.

ಹೆಜ್ಜೆ 4: ವಯಸ್ಸನ್ನೂ ಜೊತೆಗಿಟ್ಟು ನೋಡಿ

ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ ಇದು, ಸಾಮಾನ್ಯವಾಗಿ ಬಿಟ್ಟುಹೋಗುವುದೂ ಇದೇ. ‘ಮೊದಲು ತೂಕ, ಆಮೇಲೆ ಚಿಕಿತ್ಸೆ’ ಎಂಬ ಸಲಹೆಯನ್ನು ಸಂಶೋಧಕರು ಒರೆಗೆ ಹಚ್ಚಿದ್ದಾರೆ. ನೆದರ್ಲೆಂಡ್ಸ್‌ನಲ್ಲಿ ಬಿಎಂಐ 29 ಮೀರಿದ 577 ಮಹಿಳೆಯರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಆರು ತಿಂಗಳು ಆಹಾರ-ವ್ಯಾಯಾಮದ ಮಾರ್ಗದರ್ಶನ, ಇನ್ನೊಂದಕ್ಕೆ ನೇರ ಚಿಕಿತ್ಸೆ ಕೊಟ್ಟರು. 2016ರಲ್ಲಿ ಪ್ರಕಟವಾದ ಫಲಿತಾಂಶ ಹಲವರ ನಿರೀಕ್ಷೆಯನ್ನು ಸುಳ್ಳು ಮಾಡಿತು. ಎರಡು ವರ್ಷದೊಳಗೆ ದಿನ ತುಂಬಿ, ಸಹಜ ಹೆರಿಗೆಯಲ್ಲಿ ಆರೋಗ್ಯವಂತ ಮಗು ಪಡೆದವರು ತೂಕ ಇಳಿಸುವ ಗುಂಪಿನಲ್ಲಿ ನೂರಕ್ಕೆ 27, ನೇರ ಚಿಕಿತ್ಸೆಯ ಗುಂಪಿನಲ್ಲಿ 35. ಸ್ವೀಡನ್ನಿನ 2017ರ ಅಧ್ಯಯನದಲ್ಲಿ ಐವಿಎಫ್‌ಗೆ ಮುನ್ನ ಸರಾಸರಿ ಒಂಬತ್ತು ಕೆ.ಜಿ.ಗಿಂತ ಹೆಚ್ಚು ಇಳಿಸಿದವರಿಗೂ ನೇರವಾಗಿ ಐವಿಎಫ್‌ಗೆ ಹೋದವರಿಗೂ ಮಗು ಹುಟ್ಟುವ ಪ್ರಮಾಣದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ.

ಹಾಗಾದರೆ ತೂಕ ಇಳಿಸುವುದು ದಂಡವೇ? ಅಲ್ಲ. ನೆದರ್ಲೆಂಡ್ಸ್‌ನ ಅಧ್ಯಯನದಲ್ಲೇ ಚಿಕಿತ್ಸೆಯಿಲ್ಲದೆ ತಾನಾಗಿ ಬಸಿರು ನಿಂತವರು ತೂಕ ಇಳಿಸುವ ಗುಂಪಿನಲ್ಲಿ ನೂರಕ್ಕೆ 26, ಇನ್ನೊಂದರಲ್ಲಿ 16. ಜೊತೆಗೆ ತೂಕ ಹೆಚ್ಚಿದ್ದಷ್ಟೂ ಗರ್ಭಪಾತ, ಬಸಿರಿನ ಸಕ್ಕರೆ ಕಾಯಿಲೆ, ಬಿ.ಪಿ.ಯ ಭಯ ಹೆಚ್ಚು. ಬೊಜ್ಜು ತೀರಾ ಹೆಚ್ಚಿದ್ದರೆ ಅಂಡಾಣು ತೆಗೆಯುವಾಗ ಕೊಡುವ ಅರಿವಳಿಕೆಯಲ್ಲೂ ಅಪಾಯವಿದೆ. ಆ ಕಾರಣಕ್ಕೆ ವೈದ್ಯರು ತಡೆದರೆ ಅದು ನ್ಯಾಯವೇ.

ನನ್ನ ಎಣಿಕೆ ಇಷ್ಟು. ಮೂವತ್ತರ ಆಸುಪಾಸಿನಲ್ಲಿದ್ದು, ಮುಟ್ಟು ಏರುಪೇರಾಗಿ, ಎಎಂಎಚ್ ಚೆನ್ನಾಗಿದ್ದರೆ ಮೂರರಿಂದ ಆರು ತಿಂಗಳು ತೂಕಕ್ಕೆ ಕೊಡಿ. ಮೂವತ್ತೇಳು ದಾಟಿದ್ದರೆ, ಎಎಂಎಚ್ ಕುಸಿದಿದ್ದರೆ ಕಾಯಬೇಡಿ. ಆ ವಯಸ್ಸಿನಲ್ಲಿ ಕಳೆದುಹೋಗುವ ಅಂಡಾಣುವನ್ನು ಇಳಿದ ತೂಕ ತಂದುಕೊಡದು. ಮೊದಲು ಅಂಡಾಣು ತೆಗೆದು ಭ್ರೂಣ ಮಾಡಿ ಶೈತ್ಯದಲ್ಲಿಟ್ಟು, ಆಮೇಲೆ ತೂಕ ಇಳಿಸಿ, ಭ್ರೂಣವನ್ನು ಗರ್ಭಕ್ಕೆ ಸೇರಿಸುವ ದಾರಿಯೂ ಇದೆ. ಅದನ್ನು ನೀವೇ ಬಾಯಿಬಿಟ್ಟು ಕೇಳಿ. ಕಾಯುವುದೆಂದಾದರೆ ‘ಇಂಥ ತಿಂಗಳಲ್ಲಿ ಎಷ್ಟೇ ಇಳಿದಿರಲಿ ಚಿಕಿತ್ಸೆ ಶುರು’ ಎಂದು ಕೇಸ್ ಪೇಪರಿನಲ್ಲೇ ಬರೆಸಿಕೊಳ್ಳಿ.

ಹೆಜ್ಜೆ 5: ಅಡುಗೆಮನೆಯಿಂದ ಆರಂಭಿಸಿ

ಅನ್ನ ಬಿಟ್ಟು ಮುದ್ದೆ ತಿಂದರೆ ಸಣ್ಣಗಾಗುತ್ತಾರೆ ಎಂಬುದು ಅರ್ಧ ಸತ್ಯ. ಎರಡು ದೊಡ್ಡ ಮುದ್ದೆ ಉಂಡರೆ ಲೆಕ್ಕ ಅಲ್ಲಿಗಲ್ಲಿಗೇ. ತಟ್ಟೆಯ ಅರ್ಧ ಭಾಗ ಪಲ್ಯ, ಸೊಪ್ಪು, ಕೋಸಂಬರಿ ಇರಲಿ. ಕಾಲು ಭಾಗ ಕಾಳು, ಮೊಟ್ಟೆ ಅಥವಾ ಮೀನು. ಉಳಿದ ಕಾಲು ಭಾಗ ಅನ್ನವೋ ಮುದ್ದೆಯೋ ಚಪಾತಿಯೋ. ದಿನಕ್ಕೆ ನಾಲ್ಕು ಲೋಟ ಸಕ್ಕರೆ ಕಾಫಿ, ಸಂಜೆಯ ಬೇಕರಿ ಪಫ್ಸ್, ಬೇರೆಯವರು ಬಿಟ್ಟ ಊಟವನ್ನು ಚೆಲ್ಲಲಾಗದೆ ಉಣ್ಣುವ ಅಭ್ಯಾಸ ಇವನ್ನು ನಿಲ್ಲಿಸಿದರೇ ಅನೇಕರಿಗೆ ವ್ಯತ್ಯಾಸ ಕಾಣುತ್ತದೆ. ವಾರದಲ್ಲಿ ಐದು ದಿನ ಅರ್ಧ ಗಂಟೆ ಬಿರುಸು ನಡಿಗೆ. ವಾರಕ್ಕೆ ಅರ್ಧ ಕೆ.ಜಿ. ಇಳಿದರೆ ಸಾಕು, ಅಂಡಾಣು ತೆಗೆಯುವ ತಿಂಗಳಲ್ಲಂತೂ ಕಟ್ಟುನಿಟ್ಟಿನ ಉಪವಾಸ ಬೇಡವೇ ಬೇಡ.

ಸೆಮಾಗ್ಲುಟೈಡ್‌ನಂಥ ತೂಕದ ಇಂಜೆಕ್ಷನ್ ತೆಗೆದುಕೊಳ್ಳುತ್ತಿದ್ದರೆ ಗರ್ಭಕ್ಕೆ ಪ್ರಯತ್ನಿಸುವ ಕನಿಷ್ಠ ಎರಡು ತಿಂಗಳು ಮುಂಚೆ ನಿಲ್ಲಿಸಬೇಕು. ಬೊಜ್ಜಿನ ಶಸ್ತ್ರಚಿಕಿತ್ಸೆಯಾದವರು ಒಂದರಿಂದ ಒಂದೂವರೆ ವರ್ಷ ಬಸಿರನ್ನು ಮುಂದೂಡಬೇಕಾಗುತ್ತದೆ, ವಯಸ್ಸಾದವರಿಗೆ ಇದು ದೊಡ್ಡ ಬೆಲೆ.

ತೂಕ ಕಡಿಮೆ ಇದ್ದವರಿಗೆ

ಬಿಎಂಐ 18.5ಕ್ಕಿಂತ ಕೆಳಗಿದ್ದು ಮುಟ್ಟು ನಿಂತಿದ್ದರೆ ಕಾರಣ ಬೇರೆ. ಊಟ ಸಾಲದೆಂದು ಕಂಡಾಗ ಮೆದುಳು ಅಂಡಾಶಯಕ್ಕೆ ಕಳಿಸುವ ಸಂಕೇತವನ್ನೇ ತಗ್ಗಿಸುತ್ತದೆ. ಇವರಿಗೆ ಹಾರ್ಮೋನ್ ಇಂಜೆಕ್ಷನ್ನಿಗಿಂತ ಮುಂಚೆ ಊಟ ಹೆಚ್ಚಾಗಬೇಕು, ವಿಪರೀತ ವ್ಯಾಯಾಮವಿದ್ದರೆ ಕಡಿಮೆಯಾಗಬೇಕು.

ತೂಕ ಏರಲಿ ಇಳಿಯಲಿ, ಮೊದಲ ದಿನದಿಂದಲೇ ದಿನಕ್ಕೆ 400 ಮೈಕ್ರೊಗ್ರಾಂ ಫೋಲಿಕ್ ಆಸಿಡ್ ತೆಗೆದುಕೊಳ್ಳಿ. ಬೊಜ್ಜಿದ್ದವರಿಗೆ, ಸಕ್ಕರೆ ಕಾಯಿಲೆಯವರಿಗೆ ವೈದ್ಯರು ಹೆಚ್ಚು ಬರೆಯಬಹುದು. ಮುಟ್ಟು ಸರಿಹೋದ ಮೇಲೆ ಒಂದು ತಿಂಗಳು ತಪ್ಪಿದರೆ ‘ಮತ್ತೆ ಮೊದಲಿನ ಹಾಗೇ ಆಯಿತು’ ಎಂದು ಮುಟ್ಟು ಬರಿಸುವ ಮಾತ್ರೆ ನುಂಗಬೇಡಿ. ಮೊದಲು ಪ್ರೆಗ್ನೆನ್ಸಿ ಕಿಟ್ ತಂದು ನೋಡಿ.