ಕೊಪ್ಪಳ ಸೀಮೆಯ ಹಿಂಡಿ, ಖಾರ ಮತ್ತು ಚಟ್ನಿಗಳು



ಕಾಫಿ ಕೊಯ್ಲಿನ ಕಾಲಕ್ಕೆ ನಮ್ಮ ತೋಟಗಳಿಗೆ ಕುಷ್ಟಗಿ, ಯಲಬುರ್ಗಾ ಕಡೆಯಿಂದ ಕೆಲಸಗಾರರು ಬರುವುದುಂಟು. ಅವರ ಗಂಟಿನಲ್ಲಿ ಖಟಕ ರೊಟ್ಟಿ, ಡಬ್ಬಿಗಳಲ್ಲಿ ಹಿಂಡಿ, ಒಂದು ಬಾಟಲಿಯಲ್ಲಿ ಕೆಂಪು ಖಾರ ಇದ್ದೇ ಇರುತ್ತವೆ. ಹಿಂಡಿ ಎಂದರೆ ನಮಗೆ ಅಡಿಕೆ ಬುಡಕ್ಕೆ ಹಾಕುವ ಗೊಬ್ಬರ. ಅವರಿಗೆ ಊಟದ ಚಟ್ನಿಪುಡಿ. ಈ ಸಲ ಗೊಬ್ಬರ, ಬೋರ್ಡೋ ದ್ರಾವಣಗಳ ಮಾತನ್ನು ಬದಿಗಿಟ್ಟು ಈ ಎರಡನೆಯ ಹಿಂಡಿಯ ವಿಷಯವಾಗಿ ಬರೆಯುತ್ತಿದ್ದೇವೆ.

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಈ ನಾಲ್ಕೂ ತಾಲ್ಲೂಕುಗಳು 1997ರವರೆಗೆ ರಾಯಚೂರು ಜಿಲ್ಲೆಯಲ್ಲಿದ್ದವು. ಗಂಗಾವತಿಯದು ತುಂಗಭದ್ರಾ ಕಾಲುವೆಯ ಭತ್ತದ ನಾಡು. ಕುಷ್ಟಗಿ, ಯಲಬುರ್ಗಾ ಹೆಚ್ಚಾಗಿ ಮಳೆಯನ್ನೇ ನಂಬಿದ ಜೋಳ, ಸಜ್ಜೆ, ಶೇಂಗಾದ ನೆಲ. ತಿಂಗಳುಗಟ್ಟಲೆ ಕೆಡದೆ ಇರುವ ಒಣ ಚಟ್ನಿಗಳು ಇಂಥ ಕಡೆ ಬೆಳೆದುಬಂದದ್ದರಲ್ಲಿ ಆಶ್ಚರ್ಯವಿಲ್ಲ.

ಶೇಂಗಾ ಹಿಂಡಿಗೆ ಕಾಲು ಕಿಲೋ ಶೇಂಗಾ ಬೀಜವನ್ನು ಸಣ್ಣ ಉರಿಯಲ್ಲಿ ಹುರಿದು, ಪೂರ್ತಿ ಆರಿದ ಮೇಲೆ ಸಿಪ್ಪೆ ತಿಕ್ಕಿ ತೂರಬೇಕು. ಹತ್ತು ಹನ್ನೆರಡು ಎಸಳು ಬೆಳ್ಳುಳ್ಳಿ, ಎರಡು ಚಮಚ ಖಾರದ ಪುಡಿ, ಒಂದು ಚಮಚ ಜೀರಿಗೆ, ರುಚಿಗೆ ಉಪ್ಪು ಕೂಡಿಸಿ, ಎಣ್ಣೆ ಬಿಟ್ಟುಕೊಳ್ಳುವವರೆಗೆ ಒರಳಿನಲ್ಲಿ ಕುಟ್ಟುವುದು. ಮಿಕ್ಸಿಯಾದರೆ ಬಿಟ್ಟು ಬಿಟ್ಟು ತಿರುಗಿಸಿ; ಒಂದೇ ಸಮನೆ ಓಡಿಸಿದರೆ ಮುದ್ದೆಯಾಗುತ್ತದೆ. ಗುರೆಳ್ಳು, ಅಂದರೆ ನಮ್ಮ ಹುಚ್ಚೆಳ್ಳು, ಮತ್ತು ಅಗಸೆಗೂ ಇದೇ ಕ್ರಮ. ಚಟಪಟ ಸದ್ದು ಬಂದ ಕೂಡಲೇ ಬಾಣಲೆ ಇಳಿಸಬೇಕು, ಸೀದರೆ ಕಹಿ. ಎಳ್ಳಮಾವಾಸ್ಯೆಯ ದಿನ ಹೊಲದಲ್ಲಿ ಸಜ್ಜೆ ರೊಟ್ಟಿಯ ಜೊತೆ ಗುರೆಳ್ಳು ಚಟ್ನಿ ತಿಂದವರಿಗೆ ಅದರ ಬೆಲೆ ಗೊತ್ತು.

ಇಲ್ಲಿ ನಮ್ಮದೇ ಒಂದು ತಪ್ಪನ್ನು ಹೇಳಬೇಕು. ಎರಡು ವರ್ಷದ ಹಿಂದೆ ಕೆಲಸಗಾರರಿಗೆ ಕೊಡಲೆಂದು ಅಗ್ಗಕ್ಕೆ ಸಿಕ್ಕ ಒಂದು ಚೀಲ ಶೇಂಗಾ ತಂದೆವು. ಕುಷ್ಟಗಿ ಕಡೆಯ ಹಿರಿಯ ಹೆಂಗಸೊಬ್ಬರು ಒಂದು ಹಿಡಿ ತೆಗೆದು ಮೂಸಿ, "ಸಾವ್ಕಾರ್ರ, ಇದು ಮುಗ್ಗಿದ ಶೇಂಗಾ ಐತ್ರಿ. ನಾ ಇದನ್ನ ಕುಟ್ಟಂಗಿಲ್ರಿ" ಎಂದರು. ಹುರಿದರೆ ಸರಿಹೋಗುತ್ತದೆ ಎಂದು ನಾವು ವಾದಿಸಿದೆವು. ಪದವಿ ನಮ್ಮದು, ತಿಳಿವಳಿಕೆ ಅವರದು. ಬೂಸ್ಟು ಬಂದ ಶೇಂಗಾದಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಹುಟ್ಟಬಹುದು. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತಾಗ ಇದು ಬೆಳಕಿಗೆ ಬಂತು. ಕಾರಣ ಅವುಗಳ ಮೇವಿನಲ್ಲಿದ್ದ ಶೇಂಗಾ ಹಿಂಡಿ. ಈ ವಿಷ ಯಕೃತ್ತಿಗೆ ಹಾನಿಕರ, ವರ್ಷಗಟ್ಟಲೆ ತಿಂದರೆ ಕ್ಯಾನ್ಸರಿಗೂ ಕಾರಣ. ಹುರಿದರೆ ಪೂರ್ತಿ ಹೋಗುವುದಿಲ್ಲ, ಬೆಳ್ಳುಳ್ಳಿಯ ವಾಸನೆಯಲ್ಲಿ ಗೊತ್ತೂ ಆಗುವುದಿಲ್ಲ. ಸುಕ್ಕಿದ, ಬಣ್ಣಗೆಟ್ಟ, ಮುಗ್ಗು ವಾಸನೆಯ ಬೀಜವನ್ನು ಆರಿಸಿ ಎಸೆಯಿರಿ. ಚೀಲವೇ ಮುಗ್ಗಿದ್ದರೆ ಚೀಲವನ್ನೇ ಬಿಡಿ. ದನಕ್ಕೂ ಹಾಕಬೇಡಿ. ಅಡಿಕೆ ಚೀಲಕ್ಕೆ ಥಂಡಿ ಹಿಡಿದರೆ ಏನಾಗುವುದೆಂದು ಬಲ್ಲ ನಮಗೆ ಇದನ್ನು ಬೇರೆಯವರು ಹೇಳಬೇಕಾಗಿ ಬಂದದ್ದು ನಾಚಿಕೆಯೇ.

ಇನ್ನು ಕೆಂಪು ಖಾರ, ಕೆಲವರು ರಂಜಕ ಎನ್ನುತ್ತಾರೆ. ಒಂದು ಕಿಲೋ ಕೆಂಪು ಹಣ್ಣು ಮೆಣಸಿನಕಾಯಿಯನ್ನು ತೊಳೆದು, ಬಟ್ಟೆಯ ಮೇಲೆ ಹರವಿ ನೀರಿನ ಪಸೆ ಇಲ್ಲದಂತೆ ಆರಿಸಿ, ಆಮೇಲೆ ತೊಟ್ಟು ತೆಗೆಯಬೇಕು. ಮೊದಲೇ ತೊಟ್ಟು ತೆಗೆದರೆ ಒಳಗೆ ನೀರು ಸೇರುತ್ತದೆ. 150ರಿಂದ 200 ಗ್ರಾಂ ಉಪ್ಪು, 100 ಗ್ರಾಂ ಬೀಜ ನಾರು ತೆಗೆದ ಹುಣಸೆಹಣ್ಣು, 100 ಗ್ರಾಂ ಬೆಳ್ಳುಳ್ಳಿ, ಹುರಿದು ಪುಡಿ ಮಾಡಿದ ಒಂದು ಚಮಚ ಮೆಂತ್ಯ, ಸ್ವಲ್ಪ ಜೀರಿಗೆ ಸೇರಿಸಿ ನೀರು ಹಾಕದೆ ತರಿತರಿಯಾಗಿ ರುಬ್ಬಿ ಭರಣಿಯಲ್ಲಿ ಮೂರು ದಿನ ಇಡುವುದು. ದಿನಕ್ಕೊಮ್ಮೆ ಒಣಗಿದ ಸೌಟಿನಿಂದ ಕಲಕಿ, ಕಡೆಗೆ ನಿಂಬೆರಸ ಹಿಂಡಿ ಮತ್ತೊಮ್ಮೆ ನುಣ್ಣಗೆ ರುಬ್ಬಿ. ಉಪ್ಪಿನಲ್ಲಿ ಜಿಪುಣತನ ಬೇಡ, ಕಾಯುವುದು ಅದೇ.

ಪಟ್ಟಣದ ಹೋಟೆಲುಗಳಲ್ಲಿ ಈಗ ಸಾಲ್ಸಾ ಎಂದು ಕೊಡುವ ಮೆಕ್ಸಿಕೋದವರ ಚಟ್ನಿಯೂ ಇದರ ದಾಯಾದಿಯೇ: ಟೊಮೆಟೊ, ಈರುಳ್ಳಿ, ಹಸಿಮೆಣಸಿನಕಾಯಿ, ಕೊತ್ತಂಬರಿ, ನಿಂಬೆರಸ. ಅವರಲ್ಲೂ ಅರೆಯಲು ಕಲ್ಲಿನ ಒರಳಿದೆ. ಮೆಣಸಿನಕಾಯಿ, ಟೊಮೆಟೊ, ಶೇಂಗಾ ಮೂರೂ ಅಮೆರಿಕ ಖಂಡದಿಂದ ಬಂದವು. ಗಂಗಾವತಿ ಬಳಿಯ ಆನೆಗೊಂದಿಯ ಹಳೆಯ ಅರಸರು ಮೆಣಸಿನಕಾಯಿ ಕಂಡವರಲ್ಲ. ಅವರ ಕಾಲದ ಖಾರ ನಮ್ಮ ನೆರಳಿನ ಮರಕ್ಕೆ ಹಬ್ಬುವ ಕಾಳುಮೆಣಸಿನದೇ. ಸಾಲ್ಸಾವನ್ನು ಮನೆಯಲ್ಲಿ ಮಾಡುವವರು ಟೊಮೆಟೊ, ಮೆಣಸಿನಕಾಯಿಗಳನ್ನು ಕೆಂಡದ ಮೇಲೆ ಸುಟ್ಟು, ಬೆಳ್ಳುಳ್ಳಿ, ಉಪ್ಪಿನೊಡನೆ ಜಜ್ಜಿ ನೋಡಿ. ಜೋಳದ ರೊಟ್ಟಿಗೆ ಚೆನ್ನಾಗಿ ಒಗ್ಗುತ್ತದೆ. ಇದು ಅಂದಂದೇ ಮುಗಿಸಬೇಕಾದ ಚಟ್ನಿ.

ಕೊಪ್ಪಳದ ಒಣ ಹವೆಯಲ್ಲಿ ಎರಡು ತಿಂಗಳು ಇರುವ ಹಿಂಡಿ ನಮ್ಮ ಮಳೆಗಾಲದಲ್ಲಿ ಅಷ್ಟು ದಿನ ಇರುವುದಿಲ್ಲ. ಜೂನ್ ನಂತರ ವಾರಕ್ಕೆ ಸಾಕಾಗುವಷ್ಟೇ ಕುಟ್ಟಿ, ಬಿಗಿ ಮುಚ್ಚಳದ ಗಾಜಿನ ಬಾಟಲಿಯಲ್ಲಿಡಿ. ರೊಟ್ಟಿ ಇಲ್ಲದಿದ್ದರೆ ಬಿಸಿ ಅನ್ನಕ್ಕೆ ಒಂದು ಚಮಚ ಹಿಂಡಿ, ಮೇಲೆ ತುಪ್ಪ. ಕೆಂಪು ಖಾರವಾದರೆ ಗಟ್ಟಿ ಮೊಸರು ಜೊತೆಗಿರಲಿ.