ವಯಸ್ಸಾದ ತಾಯಿಗೆ ಸೂರು: ನಮ್ಮ ಸಂಘ ಏನು ಮಾಡಬಹುದು?



ಉಳಿತಾಯ, ಸಾಲ, ಬಡ್ಡಿ, ದಂಡ ಎಲ್ಲದರ ಲೆಕ್ಕವನ್ನೂ ನಮ್ಮ ಸಂಘಗಳು ಚೆನ್ನಾಗಿ ಬರೆದಿಡುತ್ತವೆ. ಆದರೆ ನಮ್ಮ ಪಕ್ಕದಲ್ಲೇ ಚಾಪೆ ಮೇಲೆ ಕೂರುವ ಹಿರಿಯ ಸದಸ್ಯೆ ರಾತ್ರಿ ಎಲ್ಲಿ ಮಲಗುತ್ತಾರೆ ಎಂಬುದು ನಮಗೆ ಗೊತ್ತಿದೆಯೇ?

ದೇವನಹಳ್ಳಿ ಕಡೆಯ ಒಂದು ಸಂಘದಲ್ಲಿ ನಡೆದ ಸಂಗತಿ ಇದು. ಅರವತ್ತೆಂಟು ವರ್ಷದ ಒಬ್ಬ ತಾಯಿ ಸತತ ಮೂರು ವಾರ ಸಭೆಗೆ ಬರಲಿಲ್ಲ. ನಾವು ನಿಯಮದಂತೆ ಮೂರು ವಾರವೂ ದಂಡ ಬರೆದೆವು. ಯಾಕೆ ಬರಲಿಲ್ಲ ಅಂತ ಯಾರೂ ಹೋಗಿ ಕೇಳಲಿಲ್ಲ. ನಾಲ್ಕನೇ ವಾರ ಅವರು ದೇವಸ್ಥಾನದ ಜಗಲಿ ಮೇಲೆ ಮಲಗುತ್ತಿದ್ದಾರೆಂದು ತಿಳಿಯಿತು. “ಬ್ಯಾಂಕ್ ಸಾಲಕ್ಕೆ ಅಂತ ಹೆಬ್ಬೆಟ್ಟು ಒತ್ತಿಸ್ಕೊಂಡ ಸಿಸ್ಟರ್. ಈಗ ನೋಡಿದ್ರೆ ಮನೆ ನಂದಲ್ವಂತೆ” ಅಂದರು. ಅದು ದಾನಪತ್ರವಾಗಿತ್ತು. ಮಗ ಮನೆ ಮಾರಿಯೂ ಆಗಿತ್ತು.

ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಇಂಥ ಕಷ್ಟ ಹೆಚ್ಚಲು ಕಾರಣವಿದೆ. 2008ರಲ್ಲಿ ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ಶುರುವಾಯಿತು. ಹೊಸಕೋಟೆ, ನೆಲಮಂಗಲಗಳಲ್ಲಿ ಗೋದಾಮು, ಕಾರ್ಖಾನೆಗಳು ಬಂದವು. ಜಮೀನಿನ ಬೆಲೆಯ ಜೊತೆ ಬಾಡಿಗೆಯೂ ಏರಿತು. ದೊಡ್ಡಬಳ್ಳಾಪುರದಲ್ಲಿ ಮಗ್ಗದವರಿಗೆ ಕಂಡಿಕೆ ಸುತ್ತಿಕೊಟ್ಟು ಬದುಕುವ ಹಿರಿಯ ಹೆಂಗಸರಿಗೆ ಒಂದು ಕೋಣೆಯ ಬಾಡಿಗೆ ಕೊಡುವುದೂ ಕಷ್ಟ. ಹಾಗಾಗಿ ಈ ನಾಲ್ಕು ವಿಷಯಗಳನ್ನು ಸಂಘದಲ್ಲಿ ಓದಿ, ಮಾತಾಡೋಣ.

1. ಹೆಬ್ಬೆಟ್ಟು ಒತ್ತುವ ಮೊದಲು

ಯಾವುದೇ ಕಾಗದವಾಗಲಿ, ಸಂಘದಲ್ಲಿ ಓದು ಬಲ್ಲ ಒಬ್ಬರು ಅದನ್ನು ಪೂರ್ತಿ ಓದಿ ಹೇಳಬೇಕು. ದಾನಪತ್ರ, ಹಕ್ಕು ಬಿಡುಗಡೆ ಪತ್ರ ಎರಡರಲ್ಲೂ ಆಸ್ತಿ ಕೈಬಿಟ್ಟು ಹೋಗುತ್ತದೆ. ಉಯಿಲು ಬರೆದರೆ ಹಾಗಲ್ಲ. ಬದುಕಿರುವವರೆಗೂ ಮನೆ ತಾಯಿಯದೇ, ಬೇಕಾದರೆ ಉಯಿಲನ್ನು ಬದಲಾಯಿಸಬಹುದು. ದಾನ ಕೊಡಲೇಬೇಕೆಂದಿದ್ದರೆ “ನಾನು ಬದುಕಿರುವವರೆಗೂ ಇದೇ ಮನೆಯಲ್ಲಿ ವಾಸವಿರುತ್ತೇನೆ, ಮಗ ನನ್ನನ್ನು ನೋಡಿಕೊಳ್ಳಬೇಕು” ಎಂಬ ಷರತ್ತನ್ನು ಪತ್ರದಲ್ಲೇ ಬರೆಸಬೇಕು. ಬಾಯಿಮಾತು ಸಾಲದು.

2. ಮನೆಯಿಂದ ಹೊರಗೆ ಹಾಕಿದರೆ

2007ರ ತಂದೆ ತಾಯಂದಿರ ಹಾಗೂ ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣ ಕಾಯ್ದೆ ಇದೆ. ಅದರ ಪ್ರಕಾರ ಉಪವಿಭಾಗಾಧಿಕಾರಿಗಳ, ಅಂದರೆ ಎ.ಸಿ.ಯವರ, ನ್ಯಾಯಮಂಡಳಿಗೆ ಅರ್ಜಿ ಕೊಡಬಹುದು. ವಕೀಲರನ್ನು ಹಿಡಿಯಲೇಬೇಕೆಂದಿಲ್ಲ. ಮಕ್ಕಳಿಂದ ತಿಂಗಳಿಗೆ ₹10,000ದವರೆಗೆ ಜೀವನಾಂಶ ಕೊಡಿಸಲು ಈ ಕಾಯ್ದೆಯಲ್ಲಿ ಅವಕಾಶವಿದೆ. ಮಕ್ಕಳಿಲ್ಲದವರು ತಮ್ಮ ಆಸ್ತಿಗೆ ವಾರಸುದಾರರಾಗುವ ಸಂಬಂಧಿಕರಿಂದ ಕೇಳಬಹುದು.

ನೋಡಿಕೊಳ್ಳುವ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು ಪಡೆದವರು ನೋಡಿಕೊಳ್ಳದಿದ್ದರೆ ಕಾಯ್ದೆಯ 23ನೇ ಕಲಮಿನಂತೆ ಆ ಪತ್ರ ರದ್ದಾಗಬಹುದು. 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಮಧ್ಯಪ್ರದೇಶದ ಒಬ್ಬ ತಾಯಿ ಮಗನಿಗೆ ಕೊಟ್ಟಿದ್ದ ದಾನಪತ್ರವನ್ನು ಹೀಗೆ ರದ್ದು ಮಾಡಿತು. ನೋಡಿಕೊಳ್ಳುತ್ತೇನೆಂದು ಮಗ ಬರೆದುಕೊಟ್ಟ ಕಾಗದ ಆ ತಾಯಿಯ ಬಳಿ ಇತ್ತು. ಕಾಗದದ ಬೆಲೆ ಎಷ್ಟೆಂದು ನೋಡಿ!

ಹೊಡೆತ, ಬೈಗುಳ ಇದ್ದರೆ 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ ತಾಯಿಗೂ ಅತ್ತೆಗೂ ಅದೇ ಮನೆಯಲ್ಲಿ ವಾಸಿಸುವ ಹಕ್ಕು ಕೇಳಬಹುದು. ನಮ್ಮ ತಾಲ್ಲೂಕಿನ ಸಿ.ಡಿ.ಪಿ.ಓ. ಅವರೇ ಸಂರಕ್ಷಣಾಧಿಕಾರಿ. ಹೆಂಗಸರಿಗೆ ಆದಾಯ ನೋಡದೆ ಉಚಿತ ಕಾನೂನು ನೆರವು ಸಿಗುತ್ತದೆ. ತಾಲ್ಲೂಕು ಕೋರ್ಟಿನಲ್ಲಿರುವ ಕಾನೂನು ಸೇವಾ ಸಮಿತಿಗೆ ಹೋಗಿ, ಇಲ್ಲವೇ 15100ಕ್ಕೆ ಫೋನ್ ಮಾಡಿ. ಹಿರಿಯರ ಸಹಾಯವಾಣಿ 14567.

3. ಸ್ವಂತ ಮನೆಯೇ ಇಲ್ಲದಿದ್ದರೆ

ಬಸವ ವಸತಿ ಯೋಜನೆಯಂಥ ಯೋಜನೆಗಳ ಫಲಾನುಭವಿಗಳನ್ನು ಗ್ರಾಮ ಸಭೆಯಲ್ಲಿ ಆರಿಸುತ್ತಾರೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಡಾ. ಬಿ.ಆರ್. ಅಂಬೇಡ್ಕರ್ ನಿವಾಸ್ ಯೋಜನೆ ಇದೆ. ವಿಧವೆಯರು, ಅಂಗವಿಕಲರು ಮುಂತಾದ ವಿಶೇಷ ವರ್ಗದವರಿಗೆ ದೇವರಾಜ ಅರಸು ವಸತಿ ಯೋಜನೆ ಇದೆ. ವಯಸ್ಸಾದ ತಾಯಿ ಒಬ್ಬರೇ ಹೋದರೆ “ಆಮೇಲೆ ಬಾರಮ್ಮ” ಅನ್ನುತ್ತಾರೆ. ಹದಿನೈದು ಜನ ಜೊತೆಗೆ ಹೋಗಿ ಕೂತರೆ ಹೆಸರು ಬರೆದುಕೊಳ್ಳುತ್ತಾರೆ. ನಡಾವಳಿ ಪುಸ್ತಕದಲ್ಲಿ ಹೆಸರು ಬಂತೇ ಎಂದು ನೋಡಿಕೊಂಡೇ ಎದ್ದು ಬನ್ನಿ.

4. ಅಲ್ಲಿಯವರೆಗೆ ಬಾಡಿಗೆ ಮನೆ

ಮನೆ ಮಂಜೂರಾಗಲು ವರ್ಷಗಳೇ ಹಿಡಿಯಬಹುದು. ಒಬ್ಬರಿಂದ ಬಾಡಿಗೆ ಕಟ್ಟಲಾಗದಿದ್ದರೆ ಇಬ್ಬರು ಸೇರಿ ಒಂದು ಕೋಣೆ ಹಿಡಿಯಬಹುದು. ಅಡ್ವಾನ್ಸ್ ಹಣವನ್ನು ಸಂಘ ಕೊಟ್ಟು ಕರಾರು ಪತ್ರದಲ್ಲಿ ಅದನ್ನು ಬರೆಸಿದರೆ, ಮನೆ ಬಿಟ್ಟಾಗ ಹಣ ಸಂಘಕ್ಕೆ ವಾಪಸ್ ಬರುತ್ತದೆ. ಬಾಡಿಗೆಗೆ ಆಧಾರ ಪಿಂಚಣಿ: 65 ದಾಟಿದ ಬಡವರಿಗೆ ಸಂಧ್ಯಾ ಸುರಕ್ಷಾ, 2021ರಿಂದ ತಿಂಗಳಿಗೆ ₹1,200. ಅರ್ಜಿ ನಾಡಕಚೇರಿಯಲ್ಲಿ. ಪಾಸ್‌ಬುಕ್ ಯಾರ ಕೈಯಲ್ಲಿದೆ ಅಂತಲೂ ಕೇಳಿ.

ನಾವು ಮೊದಲು ಹೇಳಿದ ತಾಯಿಗೆ ಮನೆ ವಾಪಸ್ ಬರಲಿಲ್ಲ. ಪತ್ರದಲ್ಲಿ ಷರತ್ತು ಇರಲಿಲ್ಲ. ಸಂಘದವರು ಜೊತೆಗೆ ಹೋಗಿ ಅರ್ಜಿ ಹಾಕಿದ್ದರಿಂದ ಜೀವನಾಂಶ ಸಿಕ್ಕಿತು. ಈಗ ಇನ್ನೊಬ್ಬ ವಿಧವೆ ಸದಸ್ಯೆಯ ಜೊತೆ ಒಂದು ಕೋಣೆಯಲ್ಲಿದ್ದಾರೆ, ಅಡ್ವಾನ್ಸ್ ಕೊಟ್ಟದ್ದು ಸಂಘ. ಮೊದಲ ವಾರವೇ ನಾವು ಅವರ ಮನೆಗೆ ಹೋಗಿದ್ದರೆ ಜಗಲಿ ಮೇಲೆ ಅಷ್ಟು ರಾತ್ರಿ ಕಳೆಯಬೇಕಾಗುತ್ತಿರಲಿಲ್ಲ. ಆ ಸಂಘ ಒಂದು ನಿಯಮ ಬದಲಾಯಿಸಿದೆ: ಅರವತ್ತು ದಾಟಿದವರು ಸಭೆಗೆ ಬಾರದಿದ್ದರೆ ದಂಡ ಇಲ್ಲ, ಅವತ್ತು ಸಂಜೆಯೇ ಇಬ್ಬರು ಅವರ ಮನೆಗೆ ಹೋಗಬೇಕು.

ಚರ್ಚೆಗೆ:

• ನಮ್ಮ ಸಂಘದಲ್ಲಿ ಅರವತ್ತು ದಾಟಿದವರು ಎಷ್ಟು ಜನ? ಅವರಿರುವ ಮನೆಯ ಖಾತೆ ಯಾರ ಹೆಸರಿನಲ್ಲಿದೆ?
• ಅವರ ಪತ್ರ, ಪಾಸ್‌ಬುಕ್ ಯಾರ ಬಳಿ ಇವೆ?
• ನಮ್ಮ ಅತ್ತೆಯ ವಿಷಯದಲ್ಲಿ ನಾವು ಹೇಗಿದ್ದೇವೆ?

ಕೊನೆಯ ಪ್ರಶ್ನೆಗೆ ಉತ್ತರವನ್ನು ಸಭೆಯಲ್ಲಿ ಹೇಳಬೇಕಿಲ್ಲ. ಮನೆಗೆ ಹೋಗಿ, ಅತ್ತೆಯ ಎದುರು ಕೂತು ಯೋಚಿಸಿ ನೋಡಿ, ಸಹೋದರಿಯರೇ.