ಹೊರೆಗೆ ತಕ್ಕ ಎಂಜಿನ್

ಮಾರಿಕುಪ್ಪಂ ಸುತ್ತಲಿನ ಚಿನ್ನದ ಗಣಿಗಳಿಗೆ 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ತು ಹರಿದು ಬಂದಿತು. ಆವಿಯಂತ್ರಗಳ ಉರುವಲಿನ ವೆಚ್ಚವನ್ನು ತೂಗಿ ನೋಡಿ ಗಣಿಯವರು ಹೊಸ ಶಕ್ತಿಯನ್ನು ಆರಿಸಿಕೊಂಡರು. ಅಂಥದೇ ಆಯ್ಕೆಯೊಂದು ನನ್ನ ಹಳೆಯ ಶಿಷ್ಯನೊಬ್ಬನಿಗೂ ಎದುರಾಯಿತು.

2001ರಲ್ಲಿ ಗಣಿಗಳು ಮುಚ್ಚಿದಾಗ ಅವನ ತಂದೆ ಕೆಲಸ ಕಳೆದುಕೊಂಡಿದ್ದರು. ಮನೆಯ ಉಳಿತಾಯವನ್ನೆಲ್ಲ ತೊಡಗಿಸಿ, ಕೋಲಾರದ ಮಾರುಕಟ್ಟೆಗೆ ಟೊಮೆಟೊ ಸಾಗಿಸಲು ಒಂದು ಪಿಕಪ್ ವಾಹನವನ್ನು ಕೊಳ್ಳಬೇಕೆಂದು ಶಿಷ್ಯನು ಯೋಚಿಸಿದ್ದನು. "ಮೇಷ್ಟ್ರೇ, ಪೆಟ್ರೋಲ್ ಗಾಡಿಗೆ ಬೆಲೆ ಕಡಿಮೆ. ಅದನ್ನೇ ಕೊಳ್ಳಲೇ?" ಎಂದು ಕೇಳಿದನು.

"ಮೊದಲು ಎರಡರ ಗುಣವನ್ನೂ ತಿಳಿದುಕೋ" ಎಂದೆನು. ಪೆಟ್ರೋಲ್ ಎಂಜಿನ್ನಿನಲ್ಲಿ ಗಾಳಿ ಮತ್ತು ಇಂಧನದ ಮಿಶ್ರಣವು ವಿದ್ಯುತ್ ಕಿಡಿಯಿಂದ ಹೊತ್ತಿಕೊಳ್ಳುತ್ತದೆ. ಜರ್ಮನಿಯ ರುಡಾಲ್ಫ್ ಡೀಸೆಲ್ 1897ರಲ್ಲಿ ನಡೆಸಿ ತೋರಿಸಿದ ಎಂಜಿನ್ನಿಗೆ ಕಿಡಿ ಬೇಕಿಲ್ಲ. ಗಾಳಿಯನ್ನು 15ರಿಂದ 20 ಪಟ್ಟು ಒತ್ತಿದಾಗ ಹುಟ್ಟುವ ಕಾವಿಗೆ ಇಂಧನವು ತಾನೇ ಉರಿಯುತ್ತದೆ. ಆ ಒತ್ತಡವನ್ನು ತಾಳಲು ಎಂಜಿನ್ ಗಟ್ಟಿಮುಟ್ಟಾಗಿರಬೇಕು. ಆದ್ದರಿಂದ ಅದರ ಬೆಲೆ ಹೆಚ್ಚು. ಆದರೆ ಅಷ್ಟೇ ಹೊರೆಗೆ ಕಡಿಮೆ ಇಂಧನ ಸಾಕು. ನಿಧಾನಗತಿಯಲ್ಲಿಯೂ ಎಳೆಯುವ ಬಲವುಂಟು.

"ನೆರೆಯವರು ಕೊಂಡರೆಂದು ಕೊಳ್ಳಬೇಡ. ದಿನಕ್ಕೆ ಎಷ್ಟು ಹೊರೆ, ಎಷ್ಟು ದೂರ ಎಂಬುದನ್ನು ಬರೆದು ತಾ" ಎಂದೆನು. ಅವನು ಲೆಕ್ಕ ಹಾಕಿದನು. ತುಂಬಿದ ಗಾಡಿ ಪ್ರತಿದಿನವೂ ಓಡುವುದರಿಂದ, ಹೆಚ್ಚಾಗಿ ಕೊಟ್ಟ ಹಣವು ಇಂಧನದ ಉಳಿತಾಯದಲ್ಲಿ ಮೂರು ವರ್ಷಗಳೊಳಗೆ ಹಿಂದಿರುಗುವಂತಿತ್ತು. ಡೀಸೆಲ್ ಗಾಡಿಯನ್ನೇ ಕೊಂಡನು. ವಾರಕ್ಕೆ ಎರಡು ದಿನ, ಊರೊಳಗೆ ಮಾತ್ರ ಓಡಿಸುವವನಾಗಿದ್ದರೆ ಅವನಿಗೆ ಪೆಟ್ರೋಲ್ ಗಾಡಿಯೇ ಲೇಸಾಗುತ್ತಿತ್ತು.

ಎಂಜಿನ್ನುಗಳಲ್ಲಿ ಮೇಲು ಕೀಳೆಂಬುದಿಲ್ಲ; ಹೊರೆಯನ್ನರಿತು ಆರಿಸುವುದೇ ವಿವೇಕ.